ಪುಮಿ ಲಂಗದ ಕೆಂಪು ಎಳೆ: ಕಾಟನ್‌ನಲ್ಲೇ ನೆರಿಗೆ ನಿಲ್ಲಿಸಿದ ನನ್ನ ಅನುಭವ

ಚೀನಾದ ಯುನ್ನಾನ್ ಪ್ರಾಂತ್ಯದ ನಿಂಗ್ಲಾಂಗ್ ಕಡೆಯ ಪುಮಿ ಜನಾಂಗದ ಹೆಂಗಸರ ಲಂಗದಲ್ಲಿ ಕಣ್ಣು ನಿಲ್ಲುವುದು ಒಂದೇ ಕಡೆ. ಪಾದದವರೆಗೆ ಇಳಿಯುವ ಬಿಳಿ ನೆರಿಗೆಗಳ ನಡುವೆ ಸುತ್ತಲೂ ಓಡುವ ಒಂದು ಕೆಂಪು ಎಳೆ. ಪೂರ್ವಜರು ಉತ್ತರದಿಂದ ಇಳಿದು ಬಂದ ದಾರಿ ಅದು, ಸತ್ತವರು ಅದೇ ದಾರಿ ಹಿಡಿದು ಹಿರಿಯರನ್ನು ಸೇರುತ್ತಾರೆ ಅನ್ನುವುದು ಅವರ ನಂಬಿಕೆ. ಆದ್ದರಿಂದ ಎಳೆ ಎಲ್ಲೂ ತುಂಡಾಗಬಾರದು, ಸೊಟ್ಟಗಾಗಬಾರದು. ವೇದಿಕೆಗೆ, ಪ್ರದರ್ಶನಕ್ಕೆ ಹೊಲಿಯುವ ನಮಗೆ ಕಷ್ಟವೆಲ್ಲ ಇಲ್ಲೇ.

ಕಾಟನ್‌ಗೆ ಇಷ್ಟು ಸಣ್ಣ ನೆರಿಗೆ ನಿಲ್ಲುವುದಿಲ್ಲ, ಪಾಲಿಯೆಸ್ಟರ್ ತಗೊಂಡು ಪ್ಲೀಟಿಂಗ್ ಮಷಿನ್‌ಗೆ ಕೊಡಿ ಅಂತ ಕೇಳಿದವರೆಲ್ಲ ಹೇಳಿದರು. ಹಾಗೂ ಮಾಡಿ ನೋಡಿದೆ. ನೆರಿಗೆ ಕತ್ತಿಯ ಹಾಗೆ ನಿಂತಿತು, ಆದರೆ ಬಟ್ಟೆಗೆ ತೂಕವೇ ಇಲ್ಲ. ನಡೆದರೆ ಹಾರುತ್ತದೆ, ದೀಪದ ಕೆಳಗೆ ಮಿಂಚುತ್ತದೆ. ಅಲ್ಲಿಯ ಹಳೆಯ ನಾರಿನ ಬಟ್ಟೆಯ ಲಂಗ ಹಾಗೆ ಬೀಳುವುದಿಲ್ಲ.

ಕೊನೆಗೆ ಹಿಡಿದದ್ದು 60ರ ನೂಲಿನ ಬಿಳಿ ಕೇಂಬ್ರಿಕ್ ಅನ್ನುವ ತೆಳು ಕಾಟನ್, 44 ಇಂಚು ಪನ್ನ (ಅಗಲ). 8 ಮೀಟರ್ ತಂದು ರಾತ್ರಿಯೆಲ್ಲ ನೆನೆಸಿ ಒಣಗಿಸಿದರೆ ಏಳೂವರೆ ಉಳಿಯುತ್ತದೆ, ಅದರಲ್ಲಿ 7 ಮೀಟರ್ ಲಂಗಕ್ಕೆ. ಬಟ್ಟೆಯನ್ನು ಅಡ್ಡ ಇಡಬೇಕು: ಪನ್ನವೇ ಲಂಗದ ಉದ್ದ, ಮಗ್ಗದ ಅಂಚೇ ಕೆಳಗಿನ ಅಂಚು. ಹೆಮ್ಮಿಂಗ್ ಬೇಡ, ಜೋಡಣೆಯೂ ಒಂದೇ. ಕೆಳಗೆ ಮಡಿಸಿ ಹೊಲಿದರೆ ನೆರಿಗೆ ಅಲ್ಲಿ ದಪ್ಪವಾಗಿ ಹೂವಿನ ಹಾಗೆ ಅರಳಿಬಿಡುತ್ತದೆ.

ನೆರಿಗೆ ಎಳೆಯುವ ಕಚ್ಚಾ ಹೊಲಿಗೆಗೆ ಗುರುತಾಗಿ ಕಾಲಿಂಚಿಗೊಂದು ಚುಕ್ಕಿಯಂತೆ 9 ಸಾಲು. ಮೇಲಿನ 4 ಸಾಲು ಅರ್ಧ ಇಂಚು ಅಂತರದಲ್ಲಿ, ಕೆಳಗೆ 5 ಸಾಲು. ಆ ಐದರಲ್ಲಿ ಎರಡು ಕೆಂಪು ಎಳೆಯ ಮೇಲೊಂದು ಕೆಳಗೊಂದು, ಅರ್ಧರ್ಧ ಇಂಚು ದೂರದಲ್ಲಿ ಬರಬೇಕು. ಸಾಲಿಗೆ ಸುಮಾರು 1,100 ಚುಕ್ಕಿ, ಎಳೆದಾಗ 550 ನೆರಿಗೆ. ಚುಕ್ಕಿಗೆ ಮೊದಲು ನೀರಿಗೆ ಅಳಿಯುವ ನೀಲಿ ಪೆನ್ ಬಳಸಿದೆ. ಬಿಸಿ ತಾಗಿದ್ದೇ ಅದು ಕಂದು ಬಣ್ಣಕ್ಕೆ ತಿರುಗಿ ಕೂತುಬಿಟ್ಟಿತು. ಈಗ ಆರಿ ವರ್ಕಿನವರ ಹಾಗೆ ಬಟರ್ ಪೇಪರಿಗೆ ತೂತು ಹೊಡೆದು, ಬಟ್ಟೆಗೆ ಹಾಕುವ ನೀಲಿ ಪುಡಿಯನ್ನು ತೆಳ್ಳಗೆ ಉಜ್ಜುತ್ತೇನೆ.

ಕೆಂಪು ಎಳೆಯನ್ನು ನೆರಿಗೆ ಹಿಡಿಯುವ ಮೊದಲೇ ಹಾಕಬೇಕು. ಇದು ತಿಳಿಯುವಷ್ಟರಲ್ಲಿ ಎರಡು ಲಂಗ ಹೋಗಿತ್ತು. ನೆರಿಗೆಯಾದ ಮೇಲೆ ಮಷಿನ್ ಓಡಿಸಿದರೆ ಹೊಲಿಗೆ ನೆರಿಗೆಗಳನ್ನೇ ಬಿಗಿದುಬಿಡುತ್ತದೆ, ಲಂಗ ಡಮರುವಿನಂತೆ ನಡುವಿನಲ್ಲಿ ಸೊಂಟ ಮಾಡಿಕೊಳ್ಳುತ್ತದೆ. ಮೊದಲೇ ಹಾಕಿದರೂ ಉಣ್ಣೆ ನೂಲಾದರೆ ಆ ಮಟ್ಟದಲ್ಲಿ ಉಬ್ಬುತ್ತದೆ. ಎರಡೆಳೆ ಕಾಟನ್ ಸಾಕು. ಅಂಚಿನಿಂದ 18 ಇಂಚು ಮೇಲೆ ಬಟ್ಟೆಯದೇ ಒಂದು ಎಳೆಯನ್ನು ಎಳೆದು ತೆಗೆದರೆ ಸಣ್ಣ ಕಾಲುವೆ ಬೀಳುತ್ತದೆ. ಹತ್ತಾರು ಕಡೆ ತುಂಡಾಗುತ್ತದೆ, ಮತ್ತೆ ಹುಡುಕಿ ಎಳೆಯಬೇಕು. ಅದರಲ್ಲೇ ಕೆಂಪು ನೂಲಿನ ಬ್ಯಾಕ್ ಸ್ಟಿಚ್. ಒಂದೊಂದು ಹೊಲಿಗೆ ಸರಿಯಾಗಿ ಕಾಲಿಂಚು, ಸೂಜಿ ಇಳಿಯುವುದು ನೆರಿಗೆ ಮಡಿಯುವ ಜಾಗದಲ್ಲೇ. ಆಗ ಪ್ರತಿ ಹೊಲಿಗೆಯೂ ಒಂದು ಮುಖದ ಮೇಲೆ ಚಪ್ಪಟೆ ಮಲಗುತ್ತದೆ, ಮಡಿಕೆಯ ಮೇಲೆ ನೂಲು ಜಗ್ಗುವುದಿಲ್ಲ. ಲಂಗ ಅರಳಿದರೂ ಮುಚ್ಚಿದರೂ ಗೆರೆ ನೆಟ್ಟಗಿರುತ್ತದೆ. ಇಷ್ಟು ನೆಟ್ಟಗೆ ಬಂದದ್ದನ್ನು ನಾನಂತೂ ಬೇರೆ ಯಾರ ಕೆಲಸದಲ್ಲೂ ನೋಡಿಲ್ಲ.

ಮೂರನೆಯ ಲಂಗ ಹಾಳಾದದ್ದು ಬಣ್ಣ ಬಿಟ್ಟು. ಗಂಜಿಯಲ್ಲಿ ಅದ್ದಿದ್ದೇ ತಡ, ಕೆಂಪು ಒಂದು ಗೇಣು ಹರಡಿತು. ಉಪ್ಪು ನೀರಲ್ಲಿ ನೆನೆಸಿದರೆ ಬಣ್ಣ ಗಟ್ಟಿಯಾಗುತ್ತದೆ ಅನ್ನುವ ಮಾತನ್ನು ನಂಬಬೇಡಿ. ನೂಲಿಗೆ ಅಂಟಿಕೊಂಡಿರುವ ಹೆಚ್ಚುವರಿ ಬಣ್ಣ ಹೊರಗೆ ಹೋಗಲೇಬೇಕು. ಲಡಿಯನ್ನು ಬಿಸಿನೀರು, ಒಂದೆರಡು ಹನಿ ಸೋಪಿನಲ್ಲಿ ಐದಾರು ಸಲ ತೊಳೆದು, ಒದ್ದೆ ಲಡಿಯನ್ನು ಬಿಳಿ ಚಿಂದಿಯ ಮೇಲಿಟ್ಟು ಇಸ್ತ್ರಿ ಹಾಕಿ ನೋಡಿ. ಗುಲಾಬಿ ಕಲೆ ಬಿದ್ದರೆ ಮತ್ತೆ ತೊಳೆಯಿರಿ. ಮೂರು ಲಂಗಕ್ಕೆ ಬಟ್ಟೆ, ಕೂಲಿ ಸೇರಿ ಹೆಚ್ಚುಕಡಿಮೆ 7,000 ರೂಪಾಯಿ ಮಣ್ಣುಪಾಲು.

ಕಚ್ಚಾ ಹಾಕುವಾಗ 7 ಮೀಟರ್ ದಾರ ಬೇಡ. ಒಂದು ಮೊಳ ಹೊಲಿದು ಒಂಬತ್ತೂ ಸಾಲನ್ನು ಒಟ್ಟಿಗೆ ಎಳೆಯುತ್ತಾ ಹೋದರೆ ಸಾಲಿಗೆ 2 ಮೀಟರ್ ಗಟ್ಟಿ ದಾರ ಸಾಕು. ಪೂರ್ತಿ ಎಳೆದಾಗ 34 ಇಂಚಿಗೆ ಬರಬೇಕು. ನೀಲಿ ಹೋಗುವಂತೆ ಜಾಲಿಸಿ, ಸಾಬಕ್ಕಿ ಗಂಜಿಯಲ್ಲಿ ಅದ್ದಬೇಕು: 100 ಗ್ರಾಂಗೆ 4 ಲೀಟರ್ ನೀರು, ಚೆನ್ನಾಗಿ ಸೋಸಿ. ಗಂಜಿಗೆ ನಾನು ಇನ್ನೊಂದು ಪದಾರ್ಥ ಸೇರಿಸುತ್ತೇನೆ, ಅದು ನನ್ನಲ್ಲೇ ಇರಲಿ. ಆಮೇಲೆ ಇಡೀ ನೆರಿಗೆ ಕಟ್ಟಿನ ಮೇಲೆ ಹಳೇ ಪಂಚೆ ಬಿಗಿಯಾಗಿ ಸುತ್ತಿ, ಹಲಗೆ ಹೇರಿ ಎರಡು ದಿನ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ, ಒಳ ನೆರಿಗೆ ಒಣಗದೆ ಕಪ್ಪು ಬೂಷ್ಟು ಹಿಡಿಯುತ್ತದೆ. ಒಣಗಿದ ಮೇಲೆ ಕೆಳಗಿನ ಐದು ಸಾಲು ಬಿಚ್ಚಿ, ಮೇಲಿನ ನಾಲ್ಕನ್ನು ಹಾಗೇ ಬಿಟ್ಟು, ಹಿಂದಿನಿಂದ ಪಟ್ಟಿ ಕೊಟ್ಟು ಒಂದೊಂದು ನೆರಿಗೆಯನ್ನೂ ಕೈಹೊಲಿಗೆಯಲ್ಲಿ ಹಿಡಿಯುವುದು.

ನಡುವೆ ನಾರಿನ ಬಟ್ಟೆಯನ್ನೂ ಪರೀಕ್ಷಿಸಿದೆ. ಅಲ್ಲಿಯ ಹಳೆಯ ಉಡುಪಿನದು ಗಾಂಜಾ ಜಾತಿಯ ಗಿಡದ ನಾರು. ಅಂಗಡಿಯಲ್ಲಿ ಸೆಣಬು ಅಂತ ಕೇಳಿದರೆ ಗೋಣಿಯ ಬಟ್ಟೆ ಕೊಡುತ್ತಾರೆ, ಅದು ಮಡಿಕೆಯಲ್ಲೇ ಮುರಿಯುತ್ತದೆ. ಸರಿಯಾದ ನಾರು ಸಿಕ್ಕಿತು, ಮೀಟರಿಗೆ 700ರ ಆಸುಪಾಸು. ನೆರಿಗೆ ಗಂಜಿಯೇ ಇಲ್ಲದೆ ಅರ್ಧ ನಿಂತಿತು! ಆದರೆ ದಪ್ಪ ಜಾಸ್ತಿ, 550 ನೆರಿಗೆ 34 ಇಂಚಿನಲ್ಲಿ ಕೂರಲಿಲ್ಲ. 300ಕ್ಕೆ ಇಳಿಸಿ, ಚುಕ್ಕಿ ಅಂತರ ಹೆಚ್ಚಿಸಿದರೆ ಕೂತೀತು.

ತಲೆಗೆ ನೈಲಾನ್ ಚೌರಿ ಬೇಡ, ಜಾರುತ್ತದೆ. ಅಲ್ಲಿಯ ಹೆಂಗಸರು ಜಡೆಗೆ ಯಾಕ್ ಬಾಲದ ಕೂದಲು, ರೇಷ್ಮೆ ಎಳೆ ಸೇರಿಸಿ ತಲೆಗೆ ಸುತ್ತುತ್ತಾರೆ, ದಪ್ಪವಿದ್ದಷ್ಟೂ ಚೆಂದ. ನಮ್ಮ ಚೌರಿ ಅನ್ನುವ ಹೆಸರು ಬಂದದ್ದೂ ಚಮರೀಮೃಗದ, ಅಂದರೆ ಯಾಕ್‌ನ, ಬಾಲದಿಂದಲೇ. ಒರಟು ಕೂದಲು ಕಾಲು ಕೆಜಿ ಸಾಕು. ಒಳಗೆ ಎರಡು ಇಂಚಿನ ಮಖಮಲ್ ಪಟ್ಟಿ ಕೊಟ್ಟರೆ ಹಣೆಯ ಮೇಲೆ ಜಾರುವುದಿಲ್ಲ. ಸೊಂಟದ ಬಣ್ಣಬಣ್ಣದ ಅಗಲ ಪಟ್ಟಿಯೂ ಹಾಗೆಯೇ, ಲಂಗದ ಹಿಂದೆ ಎರಡು ಲೂಪ್ ಇಲ್ಲದಿದ್ದರೆ ಮೇಲೇರುತ್ತದೆ.

ಫೋಟೋ ನೋಡಿ ಆರ್ಡರ್ ಕೊಡುವವರು ಅದೇ ಯುನ್ನಾನ್‌ನ ಲಾನ್‌ಪಿಂಗ್ ಕಡೆಯ ಪುಮಿಗಳ ತೋಳಿಲ್ಲದ ಮೇಲಂಗಿಯನ್ನು ಈ ಲಂಗದ ಮೇಲೆ ಕೇಳುತ್ತಾರೆ. ಅದು ಪ್ಯಾಂಟಿನ ಜೊತೆಯದು, ಬೆರೆಸಬೇಡಿ. ಮಕ್ಕಳ ಅಳತೆಯ ಲಂಗವನ್ನೂ ನಾನು ಹೊಲಿಯುವುದಿಲ್ಲ. 13 ತುಂಬಿದಾಗ ಒಲೆಯ ಪಕ್ಕ ನಿಲ್ಲಿಸಿ ಶಾಸ್ತ್ರ ಮಾಡಿ ಹುಡುಗಿಗೆ ಮೊದಲ ಲಂಗ ಉಡಿಸುತ್ತಾರೆ, ಅಲ್ಲಿಯವರೆಗೆ ಹುಡುಗ ಹುಡುಗಿ ಇಬ್ಬರಿಗೂ ಉದ್ದ ನಿಲುವಂಗಿಯೇ.

ಈಗ ಲಂಗ ಒಂದಕ್ಕೆ ಬಟ್ಟೆ ಸುಮಾರು 900, ನೂಲು ಗಂಜಿ 250, ಕೂಲಿ ಆರು ದಿನದ್ದು 3,600. ನಾನು 6,500 ಹೇಳುತ್ತೇನೆ, ಒಗೆದರೆ ಮತ್ತೆ ಕಚ್ಚಾ ಹಾಕಿ ಗಂಜಿ ಕೊಡಲು 1,500 ಬೇರೆ.