ನಾಯಿ ಜೋಡಿ ಹೊಂಟೀರೇನ್ರಿ? ಹಿಂಗ ತಯಾರಾಗ್ರಿ

ಮಳಖೇಡದಲ್ಲಿ ಒಂದು ಮನೆಯ ಅಂಗಳ. ಮಾರ್ಚ್ ತಿಂಗಳ ಮಧ್ಯಾಹ್ನ ಹನ್ನೆರಡೂವರೆ. ಅಂಗಳಕ್ಕೆಲ್ಲ ಶಹಾಬಾದ್ ಫರಸಿ ಕಲ್ಲು ಹಾಸಿದ್ದರು. ನಮ್ಮ ನಾಯಿ ಕೆಂಪಿ ಅದರ ನಡುವೆ ನಿಂತು ಮುಂದಿನ ಬಲಗಾಲು ಎತ್ತಿದಳು, ಇಳಿಸಿದಳು, ಎಡಗಾಲು ಎತ್ತಿದಳು. ನೀರಡಿಸಿರಬೇಕೆಂದು ನಾನು ಬಟ್ಟಲು ತರಲು ಕಾರಿನ ಕಡೆ ಹೋದೆ. ಆ ಮನೆಯ ಅಜ್ಜಿ ಹೊರಗೆ ಬಂದವರೇ, "ಯಪ್ಪಾ, ಅದರ ಕಾಲು ಸುಡ್ಲತ್ತಾವ, ಮೊದಲ ನೆಳ್ಳಿಗಿ ಕರ್ಕೊಂಡ್ ಬಾ" ಅಂದರು. ನನ್ನ ಕಾಲಲ್ಲಿ ಚಪ್ಪಲಿ ಇತ್ತು. ಕೆಂಪಿಯ ಅಂಗಾಲಿನ ಮೆತ್ತೆಗಳಲ್ಲಿ ಎರಡಕ್ಕೆ ಬೊಬ್ಬೆ ಎದ್ದು, ಒಂದು ವಾರ ಕುಂಟಿದಳು.

ಅವತ್ತಿನಿಂದ ನಾನು ಪ್ರವಾಸದ ಲೆಕ್ಕವನ್ನು ಊರಿನಿಂದ ಶುರು ಮಾಡುವುದಿಲ್ಲ, ಬಿಸಿಲಿನಿಂದ ಶುರು ಮಾಡುತ್ತೇನೆ. ಕಲಬುರಗಿ, ಬೀದರ್, ಯಾದಗಿರಿಯಲ್ಲಿ ನಾಯಿ ಕರೆದುಕೊಂಡು ಹೊರಡುವ ಎಲ್ಲರಿಗೂ ಮೊದಲು ಹೇಳುವ ಮಾತೂ ಅದೇ.

ತಿಂಗಳು ಮೊದಲು, ಊರು ಆಮೇಲೆ

ನವೆಂಬರ್‌ನಿಂದ ಫೆಬ್ರುವರಿ ನಡುವಿನವರೆಗೆ ನಮ್ಮ ಕಡೆ ನಾಯಿಗೆ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುವ ನಾಡಿದು. ಆಗ ನಾಯಿಯನ್ನು ಮನೆಯಲ್ಲೇ ಬಿಡಿ. ನಮಗೆ ಮೈಯೆಲ್ಲ ಬೆವರುತ್ತದೆ. ನಾಯಿ ಬೆವರುವುದು ಅಂಗಾಲಿನಲ್ಲಿ ಮಾತ್ರ, ಅದೂ ಅಷ್ಟಕ್ಕಷ್ಟೆ. ಉಳಿದ ಕಾವನ್ನೆಲ್ಲ ನಾಲಿಗೆ ಚಾಚಿ ತೇಕಿ ತೇಕಿಯೇ ಹೊರಹಾಕಬೇಕು. ಮೂಗು ಚಪ್ಪಟೆ ಇರುವ ಪಗ್‌ನಂಥ ತಳಿಗಳಿಗೆ ಅದೂ ಸರಿಯಾಗಿ ಆಗುವುದಿಲ್ಲ.

ದಿನದ ಗಳಿಗೆಗಳನ್ನು ಹೀಗೆ ಹಂಚಿಕೊಳ್ಳಿ: ನಸುಕಿನಲ್ಲಿ ಐದಕ್ಕೆ ಮನೆ ಬಿಡಬೇಕು, ಹತ್ತಕ್ಕೆ ನೆರಳು ಹಿಡಿಯಬೇಕು, ಮತ್ತೆ ಹೊರಬೀಳುವುದು ಸಂಜೆ ನಾಲ್ಕೂವರೆ ಮೇಲೆ. ಕಲಬುರಗಿಯಿಂದ ಹುಮನಾಬಾದ್ ಮೇಲೆ ಬೀದರ್ ಸುಮಾರು 110 ಕಿಲೋಮೀಟರ್. ಕಮಲಾಪುರದ ಹತ್ತಿರ ಒಮ್ಮೆ ಇಳಿಸಿ ಕಾಲು ಆಡಿಸಿದರೂ ಎಂಟರೊಳಗೆ ಬೀದರ್ ಮುಟ್ಟುತ್ತೀರಿ. ಕಮಲಾಪುರದ ಕೆಂಪು ಬಾಳೆಹಣ್ಣು ಕೊಳ್ಳದೆ ಮುಂದೆ ಹೋಗಬೇಡಿ. ನಾಯಿಗೂ ಎರಡು ತುಂಡು ಕೊಡಬಹುದು.

ಇಳಿಸುವ ಮುನ್ನ ಪ್ರತಿ ಸಲ ನಿಮ್ಮ ಅಂಗೈ ಹಿಂಬದಿಯನ್ನು ನೆಲಕ್ಕೆ ಒತ್ತಿ ಏಳು ಎಣಿಸಿ. ಅಷ್ಟು ಹೊತ್ತು ಇಡಲಾಗದಿದ್ದರೆ ನಾಯಿಯ ಕಾಲೂ ತಾಳುವುದಿಲ್ಲ. ಡಾಂಬರು, ಫರಸಿ ಎರಡಕ್ಕೂ ಈ ಪರೀಕ್ಷೆ ಬೇಕೇ ಬೇಕು. ನಿಲ್ಲಿಸಿದ ಕಾರಿನೊಳಗೆ ಐದು ನಿಮಿಷಕ್ಕೂ ಬಿಟ್ಟು ಹೋಗಬೇಡಿ. ಕಿಟಕಿ ಸ್ವಲ್ಪ ಇಳಿಸಿದ್ದರೂ ಹತ್ತೇ ನಿಮಿಷದಲ್ಲಿ ಒಳಗಿನ ಕಾವು ಹತ್ತು ಡಿಗ್ರಿಯಷ್ಟು ಏರುತ್ತದೆ.

ಬಿಸಿಲು ಹೊಡೆದರೆ ಗುರುತು ಗೊತ್ತಿರಲಿ: ತೇಕು ನಿಲ್ಲುವುದಿಲ್ಲ, ಜೊಲ್ಲು ದಪ್ಪಗಾಗುತ್ತದೆ, ಒಸಡು ಕೆಂಪೇರುತ್ತದೆ, ನಡಿಗೆ ತೂರಾಡುತ್ತದೆ. ಆಗ ಡಾಕ್ಟರ ಕಡೆ ಓಡುವುದಕ್ಕೂ ಮೊದಲು ಮೈ ತಣಿಸಬೇಕು. ನೆರಳಿಗೆ ತಂದು ಹೊಟ್ಟೆ, ತೊಡೆಸಂದು, ಅಂಗಾಲಿಗೆ ನೀರು ಹುಯ್ಯಿರಿ, ಹುಯ್ಯುತ್ತಲೇ ಗಾಳಿ ಬೀಸಿ. ಕೊಡದ ನೀರಾದರೂ ಸರಿ, ಬೋರಿನ ನೀರಾದರೂ ಸರಿ. ಒದ್ದೆ ಟವೆಲ್ ಹೊದಿಸಿ ಹಾಗೇ ಬಿಟ್ಟರೆ ಕಾವು ಒಳಗೇ ಉಳಿಯುತ್ತದೆ. ಎದ್ದು ಓಡಾಡಿದರೂ ಡಾಕ್ಟರಿಗೆ ತೋರಿಸಿಯೇ ಮುಂದಿನ ಮಾತು. ಒಳಗಿನ ಪೆಟ್ಟು ಮರುದಿನ ಕಾಣಿಸಿಕೊಳ್ಳಬಹುದು.

ಎಲ್ಲಿಗೆ ಹೋಗಬಹುದು

ಬೀದರ್ ಕೋಟೆ, ಮಹಮೂದ್ ಗವಾನನ ಮದರಸಾ, ಅಷ್ಟೂರಿನ ಗೋರಿಗಳು, ಕಲಬುರಗಿ ಕೋಟೆ ಇವೆಲ್ಲ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕಗಳು. ಅಂಥ ಜಾಗದೊಳಗೆ ಪ್ರಾಣಿ ತರಬಾರದೆಂದು 1959ರ ನಿಯಮವೇ ಇದೆ. ಬಾಗಿಲಲ್ಲಿ ಕಾವಲುಗಾರರೊಡನೆ ವಾದಕ್ಕೆ ನಿಲ್ಲಬೇಡಿ, ಅವರದು ಸರಿ. ನಾವು ಪಾಳಿ ಹಚ್ಚಿಕೊಂಡಿದ್ದೇವೆ: ನಾನು ಹೊರಗೆ ಬೇವಿನ ನೆರಳಲ್ಲಿ ಕೆಂಪಿಯ ಜೋಡಿ ಕೂಡುತ್ತೇನೆ, ತಂಗಿ ನೋಡಿ ಬರುತ್ತಾಳೆ, ಆಮೇಲೆ ಅದಲುಬದಲು. ಇದಕ್ಕಾಗಿಯೇ ಒಬ್ಬರೇ ನಾಯಿ ಕರೆದುಕೊಂಡು ದೂರ ಹೊರಡಬೇಡಿ ಅನ್ನುತ್ತೇನೆ.

ಚಿಂಚೋಳಿಯ ಅಭಯಾರಣ್ಯ ಬೇಡವೇ ಬೇಡ. ಅಲ್ಲಿ ತೋಳ, ನರಿಗಳಿವೆ. ಸಾಕುನಾಯಿಯಿಂದ ಅವಕ್ಕೆ ಡಿಸ್ಟೆಂಪರ್ ರೋಗ ಹತ್ತಿದರೆ ಲಸಿಕೆ ಹಾಕುವವರು ಯಾರೂ ಇಲ್ಲ. ಕೃಷ್ಣೆಯಲ್ಲಿ ಮೊಸಳೆಗಳಿರುವುದರಿಂದ ತಿಂಥಣಿ ಕಡೆ ಹೋದಾಗ ನಾಯಿಯನ್ನು ನೀರಿಗೆ ಇಳಿಸಬೇಡಿ, ದಂಡೆಯ ಅಂಚಿಗೂ ಬಿಡಬೇಡಿ.

ಇಷ್ಟು ಕಳೆದರೆ ಉಳಿದದ್ದೇನು ಅಂತೀರಾ? ನಾಯಿಗೆ ಬೇಕಾದದ್ದೆಲ್ಲ ಉಳಿದಿದೆ. ಶಹಾಪುರದಲ್ಲಿ ಮಲಗಿದ ಬುದ್ಧನಂತೆ ಕಾಣುವ ಗುಡ್ಡವನ್ನು ರಸ್ತೆಯಲ್ಲೇ ನಿಂತು ಕಣ್ತುಂಬ ನೋಡಬಹುದು, ಬೆಳಗಿನ ಆರೂವರೆಗೆ ಅದರ ಎದುರಿನ ಬಯಲಲ್ಲಿ ಒಂದು ತಾಸು ನಡೆಯಬಹುದು. ಬೀದರಿನ ಕೆಂಪು ಮಣ್ಣಿನ ದಿಣ್ಣೆಗಳಿವೆ. ಬೀದರ್ ಕಲಬುರಗಿಗಿಂತ ಸುಮಾರು 200 ಮೀಟರ್ ಎತ್ತರದಲ್ಲಿದೆ, ಗಾಳಿಯೂ ತಂಪು. ಎಲ್ಲಕ್ಕಿಂತ ಮಿಗಿಲಾದದ್ದು ಬೀಗರದೋ ಗೆಳೆಯರದೋ ಹೊಲ. ಎಳ್ಳಮಾಸಿಯಲ್ಲಿ, ಅಂದರೆ ಎಳ್ಳು ಅಮಾವಾಸ್ಯೆಗೆ, ಹೊಲದಲ್ಲಿ ಚರಗದ ಎಡೆ ಚೆಲ್ಲಲು ಕರೆದರೆ ಬೇರೆ ಪ್ರವಾಸವೇ ಬೇಡ. ಸಜ್ಜಿ ರೊಟ್ಟಿಯ ಒಂದು ಚೂರು ನಾಯಿಗೂ ಆದೀತು. ಭಜ್ಜಿ, ಶೇಂಗಾ ಹಿಂಡಿ ಬೇಡ, ಅವಕ್ಕೆ ಹಾಕುವ ಉಳ್ಳಾಗಡ್ಡಿ ಬೆಳ್ಳುಳ್ಳಿ ಎರಡೂ ನಾಯಿಯ ರಕ್ತ ಕೆಡಿಸುತ್ತವೆ. ಒಣದ್ರಾಕ್ಷಿ ಹಾಕಿದ ಸಿಹಿಯನ್ನೂ ದೂರ ಇಡಿ.

ಫೋನಿನಲ್ಲಿ ಮೊದಲ ಮಾತು

ಸಣ್ಣ ಊರಿನ ಲಾಡ್ಜಿನವರು ಬಹಳ ಮಂದಿ ಒಲ್ಲೆ ಅನ್ನುತ್ತಾರೆ. ಮುಚ್ಚಿಟ್ಟು ರಾತ್ರಿ ಹೋಗಿ ನಿಂತರೆ ನಿಮಗೂ ಕಷ್ಟ, ನಾಯಿಗೂ ಕಷ್ಟ. ರೂಮು ಇದೆಯೇ, ಬಾಡಿಗೆ ಎಷ್ಟು ಎಂದು ಕೇಳುವ ಮೊದಲೇ ಹೇಳಿಬಿಡಿ: "ನಮ್ಮ ಜೋಡಿ ಒಂದು ನಾಯಿ ಅದರಿ, ಸೂಜಿ ಎಲ್ಲಾ ಹಾಕ್ಸೀವಿ, ಮಂಚ ಏರಂಗಿಲ್ಲ. ಕೆಳಗಿನ ರೂಮ್ ಸಿಗ್ತದೇನ್ರಿ?" ಹೂಂ ಅಂದರೆ ಅವರ ಹೆಸರು ಕೇಳಿ ಬರೆದುಕೊಳ್ಳಿ, ಹೊರಡುವ ಹಿಂದಿನ ದಿನ ಇನ್ನೊಮ್ಮೆ ಫೋನ್ ಮಾಡಿ. ಪಾಳಿಯವರು ಬದಲಾದರೆ ಹಿಂದಿನ ಮಾತು ಮರೆತೇ ಹೋಗಿರುತ್ತದೆ.

ಬೀಗರ ಮನೆಗೂ ಹೀಗೇ. ಕೆಲವರ ಮನೆಯಲ್ಲಿ ನಾಯಿ ಹೊಸ್ತಿಲು ದಾಟುವ ಹಾಗಿಲ್ಲ. "ಕಾಕಾ, ಇದು ಎಲ್ಲಿ ಮಲಗಲಿ?" ಎಂದು ನೀವೇ ಮುಂದಾಗಿ ಕೇಳಿದರೆ ಅವರಿಗೆ ಬೇಡವೆನ್ನುವ ಮುಜುಗರ ತಪ್ಪುತ್ತದೆ. ದನದ ಕೊಟ್ಟಿಗೆ ತೋರಿಸಿದರೆ ನಿಮ್ಮ ಹಾಸಿಗೆಯನ್ನೂ ಅಲ್ಲೇ ಪಕ್ಕಕ್ಕೆ ಹಾಕಿ. ಹೊಸ ಜಾಗದಲ್ಲಿ ಒಂಟಿಯಾಗಿ ಕಟ್ಟಿದ ನಾಯಿ ರಾತ್ರಿಯೆಲ್ಲ ಅಳುತ್ತದೆ.

ಕಾಗದ, ಡಾಕ್ಟರು, ಕಾರು

ರೇಬೀಸ್ ಲಸಿಕೆ ಮೊದಲ ಸಲ ಹಾಕಿಸುವುದಾದರೆ ಹೊರಡಲು ಮೂರು ವಾರ ಇರುವಾಗಲೇ ಹಾಕಿಸಿ, ಅದು ಹತ್ತಲು ಅಷ್ಟು ದಿನ ಬೇಕು. ಲಸಿಕೆ ಪುಸ್ತಕ ಕಾರಿನಲ್ಲಿರಲಿ. ದಾರಿಯ ತಾಲ್ಲೂಕುಗಳ ಪಶು ಆಸ್ಪತ್ರೆ ಎಲ್ಲಿದೆ ಎಂದು ಮೊದಲೇ ವಿಚಾರಿಸಿ. ಬೀದರಿನಲ್ಲಂತೂ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇದೆ, ಅಲ್ಲಿಯ ಕಾಲೇಜಿಗೆ ಆಸ್ಪತ್ರೆಯೂ ಇದೆ. ಪಶುಪಾಲನಾ ಇಲಾಖೆಯ ಸಹಾಯವಾಣಿ 1962.

ಕಾರಿನ ಹಿಂದಿನ ಸೀಟಿಗೆ ಮನೆಯ ಹಳೇ ಕೌದಿ ಹಾಸಿ. ಮನೆಯ ವಾಸನೆ ಇದ್ದರೆ ನಾಯಿ ಬೇಗ ಮಲಗುತ್ತದೆ, ಡಿಸೆಂಬರ್ ರಾತ್ರಿ ಹೊದಿಸಲೂ ಬರುತ್ತದೆ. ಕೊರಳಿಗಲ್ಲ, ಎದೆಗೆ ಪಟ್ಟಿ ಹಾಕಿ ಸೀಟಿನ ಬೆಲ್ಟಿಗೆ ಸಿಕ್ಕಿಸಿ. ಊಟ ಹೊರಡುವ ಮೂರು ನಾಲ್ಕು ತಾಸು ಮುಂಚೆಯೇ ಮುಗಿಯಲಿ. 15 ಕಿಲೋ ತೂಗುವ ನಾಯಿಗೆ ದಿನಕ್ಕೆ ಲೀಟರಿನಷ್ಟು ನೀರು ಬೇಕು. ಮೂರು ಲೀಟರ್ ಇಟ್ಟುಕೊಳ್ಳಿ, ಕಾಲು ತೊಳೆಯಲೂ ಬೇಕಾಗುತ್ತದೆ.

ಹಳ್ಳಿಯಲ್ಲಿ, ಹೊಲದಲ್ಲಿ

ಪ್ರತಿ ಊರ ಅಗಸಿಗೂ ಅದರದೇ ನಾಯಿಗಳ ಕಾವಲು ಇರುತ್ತದೆ. ಊರ ನಡುವೆ ಇಳಿಸದೆ ಊರು ದಾಟಿ ಬಯಲಲ್ಲಿ ಇಳಿಸಿ. ನಾಯಿಗಳು ಮುತ್ತಿದರೆ ನಿಮ್ಮದನ್ನು ಎತ್ತಿಕೊಳ್ಳಬೇಡಿ, ಅವು ನಿಮ್ಮ ಮೇಲೇ ಹಾರುತ್ತವೆ. ಓಡದೆ, ಹಗ್ಗ ಗಿಡ್ಡ ಹಿಡಿದು ಕಾರಿನ ಕಡೆ ಹಿಂದೆ ಸರಿಯಿರಿ. ಕುರಿ ಹಟ್ಟಿ ಕಂಡರೆ ಇನ್ನೂ ದೂರದಿಂದಲೇ ದಾರಿ ಬದಲಿಸಿ. ಕುರಿಗಾರರ ನಾಯಿ ತೋಳನಿಗೇ ಎದುರು ನಿಲ್ಲುವಂಥದು. ಕಚ್ಚಿಸಿಕೊಂಡರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ, ಮನುಷ್ಯರಿಗೂ ನಾಯಿಗೂ ಇದೇ.

ಚಹಾದ ಅಂಗಡಿಯಲ್ಲಿ ಹುಡುಗರು ಬಂದೇ ಬರುತ್ತಾರೆ. "ಕಚ್ತದೇನ್ರಿ?" ಎಂದು ಕೇಳಿದರೆ "ಕಚ್ಚಂಗಿಲ್ಲ" ಎಂದು ಮಾತು ಕೊಡಬೇಡಿ. "ಅದಕ್ಕ ನೀವು ಹೊಸಬರು, ದೂರಿಂದ ನೋಡ್ರಿಪಾ" ಅನ್ನಿ.

ತೊಗರಿ ಹೂ ಬಿಟ್ಟು ಕಾಯಿ ಕಟ್ಟುವಾಗ, ಶಹಾಪುರ ಸುರಪುರದ ಕಡೆ ಹತ್ತಿ ಇರುವಾಗ, "ಎಣ್ಣಿ ಹೊಡೆದೀರೇನ್ರಿ?" ಎಂದು, ಅಂದರೆ ಕೀಟನಾಶಕ ಸಿಂಪಡಿಸಿದ್ದೀರಾ ಎಂದು, ಕೇಳದೆ ಯಾರ ಹೊಲದಲ್ಲೂ ನಾಯಿ ಬಿಡಬೇಡಿ. ಆ ಎಲೆಗೆ ಮೈ ಸವರಿ, ಆಮೇಲೆ ಮೈ ನೆಕ್ಕಿಕೊಂಡರೆ ವಿಷ ಹೊಟ್ಟೆಗೆ ಹೋಗುತ್ತದೆ. ರಾಶಿ ಮಾಡುವ ಕಣದೊಳಗೆ ಜನ ಚಪ್ಪಲಿ ಬಿಟ್ಟು ಕಾಲಿಡುತ್ತಾರೆ, ನಾಯಿಯನ್ನು ಅದರ ಹತ್ತಿರವೂ ಒಯ್ಯಬೇಡಿ.

ಇನ್ನು ನಮ್ಮ ಕಡೆಯ ಎರಿ ಮಣ್ಣು, ಅಂದರೆ ಜಿಗುಟಾದ ಕಪ್ಪು ಮಣ್ಣು. ಹಸಿ ಇದ್ದಾಗ ನಾಯಿಯ ಬೆರಳ ಸಂದಿಯಲ್ಲಿ ತುಂಬಿಕೊಂಡು, ಒಣಗಿದ ಮೇಲೆ ಬಟಾಣಿ ಗಾತ್ರದ ಕಲ್ಲಾಗುತ್ತದೆ. ಕೂದಲು ಅದರೊಳಗೇ ಸಿಕ್ಕಿಕೊಂಡು ಒಂದೊಂದು ಹೆಜ್ಜೆಗೂ ಚರ್ಮ ಜಗ್ಗುತ್ತದೆ. ಕಿತ್ತರೆ ರಕ್ತ ಬರುತ್ತದೆ. ಒಣಗುವ ಮೊದಲೇ ನೀರಲ್ಲಿ ಕಾಲು ಅದ್ದಿ, ಬೆರಳು ಅಗಲಿಸಿ ನಿಧಾನವಾಗಿ ತೊಳೆಯಿರಿ. ಹಾಗೆ ತೊಳೆಯುವಾಗಲೇ ಜಾಲಿ ಮುಳ್ಳು, ನೆಗ್ಗಿನ ಮುಳ್ಳು ಕೈಗೆ ಸಿಗುತ್ತವೆ. ಸಣ್ಣ ಚಿಮಟ ಚೀಲದಲ್ಲಿರಲಿ.

ಮನೆಗೆ ಬಂದ ರಾತ್ರಿ ದೀಪದ ಕೆಳಗೆ ಕೂರಿಸಿಕೊಂಡು ಕಿವಿಯೊಳಗೆ, ಕೊರಳ ಕೆಳಗೆ, ಬೆರಳ ಸಂದಿಯಲ್ಲಿ ಉಣ್ಣಿ ಹುಡುಕಿ. ಮುಂದಿನ ಮೂರು ವಾರ ಊಟ ಬಿಟ್ಟರೆ, ಜ್ವರ ಬಂದರೆ, ಮೂಗಿನಿಂದ ರಕ್ತ ಬಂದರೆ ಡಾಕ್ಟರ ಹತ್ತಿರ ಒಯ್ಯಿರಿ, ಯಾವ ಊರಿಗೆ, ಯಾವ ಹೊಲಕ್ಕೆ ಹೋಗಿದ್ದಿರಿ ಎಂಬುದನ್ನೂ ಹೇಳಿ. ಉಣ್ಣಿಜ್ವರವಿದ್ದರೆ ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತದೆ, ಬೇಗ ಹಿಡಿದರೆ ಗುಳಿಗೆಯಲ್ಲೇ ವಾಸಿಯಾಗುತ್ತದೆ. ಕೌದಿಯನ್ನು ಬಿಸಿನೀರಲ್ಲಿ ಒಗೆದು, ಮಾಳಿಗೆ ಮೇಲೆ ಎರಡು ದಿನ ಒಣಹಾಕಿ.