ಪಿಕಪ್‌ಗೆ ಎಲ್‌ಎಸ್‌ಡಿ: ಸುತ್ತದೆ ನಿಂತ ಚಕ್ರದ ಕೆಳಗೆ ಏನಿದೆ?

ಡಿಫರೆನ್ಷಿಯಲ್ ಎಂದರೆ ಎಂಜಿನ್ನಿನ ಬಲವನ್ನು ಎರಡು ಚಕ್ರಗಳಿಗೆ ಹಂಚುವ, ತಿರುವಿನಲ್ಲಿ ಅವು ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಗೇರ್ ಜೋಡಣೆ. ಒಂದು ಚಕ್ರ ಜಾರಿದಾಗ ಇನ್ನೊಂದಕ್ಕೆ ಹೆಚ್ಚು ಬಲ ಕೊಡುವ ಬಗೆಯೇ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್, ಅಂದರೆ ಎಲ್‌ಎಸ್‌ಡಿ. ಪಿಕಪ್‌ಗೆ ಅದನ್ನು ಹಾಕಿಸುವುದು ಲಾಭವೋ ದಂಡವೋ ಎಂದು ಕೇಳುವವರಿಗೆ ನಾನು ಒಂದು ಮರುಪ್ರಶ್ನೆ ಹಾಕುತ್ತೇನೆ. ಗಾಡಿ ಸಿಕ್ಕಿಕೊಂಡಾಗ ಬರ್ರನೆ ಸುತ್ತುವ ಚಕ್ರವನ್ನು ಎಲ್ಲರೂ ನೋಡುತ್ತಾರೆ. ಸುತ್ತದೆ ಸುಮ್ಮನೆ ನಿಂತಿರುವ ಇನ್ನೊಂದು ಹಿಂಚಕ್ರದ ಕೆಳಗೆ ಏನಿದೆ ಎಂದು ಬಗ್ಗಿ ನೋಡಿದ್ದೀರಾ? ಅಲ್ಲಿ ಗಟ್ಟಿ ನೆಲವಿದ್ದರೆ ಎಲ್‌ಎಸ್‌ಡಿ ಕೊಟ್ಟ ಹಣಕ್ಕೆ ದುಡಿಯುತ್ತದೆ. ಅಲ್ಲೂ ಅದೇ ಕೆಸರಿದ್ದರೆ, ಒಂದು ಚಕ್ರ ಕೆಸರೆರಚುವ ಕಡೆ ಎರಡು ಎರಚುತ್ತವೆ, ಅಷ್ಟೆ.

ನನ್ನದು ಹಿಂದಿನ ಚಕ್ರಗಳಿಗೆ ಮಾತ್ರ ಎಳೆತವಿರುವ, ಲೀಫ್ ಸ್ಪ್ರಿಂಗ್‌ಗಳ ಪಿಕಪ್. ಭಾರ ಹೊತ್ತು ಹೋಗುವಾಗ ಅದರದು ಹೆಚ್ಚು ತಕರಾರಿರಲಿಲ್ಲ. ಸರಕು ಇಳಿಸಿ ಖಾಲಿ ಬರುವಾಗಲೇ ರಗಳೆ. ಎಂಜಿನ್, ಗೇರ್‌ಬಾಕ್ಸ್, ಕ್ಯಾಬಿನ್ ಎಲ್ಲವೂ ಮುಂದೆ. ಹಿಂದಿನ ಆಕ್ಸಲ್ ಮೇಲೆ ಖಾಲಿ ತೊಟ್ಟಿ ಬಿಟ್ಟರೆ ಹೇಳಿಕೊಳ್ಳುವ ಭಾರವಿಲ್ಲ. ಸರಕು ತಾಳಲೆಂದು ಗಡುಸಾಗಿ ಮಾಡಿದ ಸ್ಪ್ರಿಂಗ್‌ಗಳು ಖಾಲಿ ಇದ್ದಾಗ ಬಾಗುವುದೇ ಇಲ್ಲ, ಹಾಗಾಗಿ ಏರುಪೇರು ನೆಲದಲ್ಲಿ ಒಂದು ಚಕ್ರ ನೆಲವನ್ನು ಸವರಿದಂತೆ ಮಾಡಿ ಬಿಟ್ಟುಬಿಡುತ್ತದೆ. ಸಾಲದ್ದಕ್ಕೆ, ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ತಿರುಚುವ ಬಲಕ್ಕೆ ಇಡೀ ಆಕ್ಸಲ್ ಒಂದು ಮಗ್ಗುಲಿಗೆ ವಾಲಲು ನೋಡುತ್ತದೆ. ಹೆಚ್ಚಿನ ಗಾಡಿಗಳಲ್ಲಿ ಇದರಿಂದ ಹಗುರಾಗುವುದು ಬಲಗಡೆಯ ಹಿಂಚಕ್ರ. ಏರಿನಲ್ಲಿ ಬಹುತೇಕ ಸಲ ಬಲಚಕ್ರವೇ ಜಲ್ಲಿ ಎರಚುವುದಕ್ಕೆ ಚಾಲಕನ ದುರದೃಷ್ಟ ಕಾರಣವಲ್ಲ.

ಜಾರುವ ಚಕ್ರಕ್ಕೆ ಎಲ್ಲ ಬಲವೂ ಹರಿದುಹೋಗುತ್ತದೆ ಎನ್ನುವ ಮಾತು ಬಹಳ ಚಲಾವಣೆಯಲ್ಲಿದೆ. ಹರಿದುಹೋಗುವುದು ವೇಗ, ಬಲವಲ್ಲ. ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಕಡೆಗೆ ಸಮನಾದ ಟಾರ್ಕ್ (ತಿರುಚುವ ಬಲ) ಕೊಡುತ್ತದೆ, ಮತ್ತು ಆ ಸಮಪಾಲು ದುರ್ಬಲ ಚಕ್ರ ತಾಳುವಷ್ಟೇ. ಹಸಿ ಹುಲ್ಲಿನ ಮೇಲಿರುವ ಚಕ್ರ 200 ನ್ಯೂಟನ್ ಮೀಟರ್‌ಗೆ ಜಾರುತ್ತದೆ, ಗಟ್ಟಿ ನೆಲದ ಮೇಲಿನದು 1,000 ತಾಳಬಲ್ಲದು ಎಂದುಕೊಳ್ಳಿ. ನಿಮಗೆ ದಕ್ಕುವುದು 200 ಮತ್ತು 200, ಒಟ್ಟು 400. ಗೇರ್ ಮಾದರಿಯ ಎಲ್‌ಎಸ್‌ಡಿ ಒಂದು ಕಡೆ ತಾಳಿದ್ದರ ಮೂರು ಪಟ್ಟನ್ನು ಇನ್ನೊಂದು ಕಡೆಗೆ ಕೊಡುವಂಥದಾದರೆ 200 ಮತ್ತು 600, ಒಟ್ಟು 800. ಎಳೆತ ಎರಡು ಪಟ್ಟಾಯಿತು. ಗಟ್ಟಿ ನೆಲದ ಚಕ್ರದಲ್ಲಿ ಇನ್ನೂ 400 ಉಳಿದೇ ಇದೆ ಎನ್ನುವುದನ್ನೂ ಗಮನಿಸಿ. ಅದನ್ನು ಪೂರ್ತಿ ಹಿಂಡಲು ಎರಡೂ ಚಕ್ರಗಳನ್ನು ಒಂದಾಗಿ ಬಿಗಿಯುವ ಲಾಕರ್ ಬೇಕು.

ಆಕ್ಸಲ್ ಬಿಚ್ಚುವ ಮುಂಚೆ ನಾನು ಅಗ್ಗದ ದಾರಿಗಳನ್ನು ನೋಡಿದೆ. ಸವೆದ ಹೈವೇ ಟೈರ್‌ಗಳನ್ನು ತೆಗೆದು ಆಳವಾದ ಅಚ್ಚಿನ ಟೈರ್ ಹಾಕಿದೆ. ಖಾಲಿ ಓಡಾಟಕ್ಕೆ ಆಕ್ಸಲ್‌ನ ನೇರ ಮೇಲೆ ಮರಳಿನ ಚೀಲಗಳನ್ನು ಕಟ್ಟಿದೆ. ಕಟ್ಟುವುದು ಮುಖ್ಯ, ಇಲ್ಲದಿದ್ದರೆ ಜೋರಾಗಿ ಬ್ರೇಕ್ ಒತ್ತಿದಾಗ ಅವು ಕ್ಯಾಬಿನ್ನಿಗೆ ಬಂದು ಬಡಿಯುತ್ತವೆ. ಮೆತ್ತನೆಯ ನೆಲದಲ್ಲಿ ಟೈರಿನ ಗಾಳಿ ಇಳಿಸಿಯೂ ನೋಡಿದೆ. ಇವು ಮೂರೂ ಎರಡು ಚಕ್ರಗಳ ಹಿಡಿತವನ್ನೂ ಹೆಚ್ಚಿಸುತ್ತವೆ, ಆದ್ದರಿಂದ ನನ್ನ ಲೆಕ್ಕದಲ್ಲಿ ಎಲ್‌ಎಸ್‌ಡಿಗಿಂತ ಮೊದಲ ಸ್ಥಾನ ಅವಕ್ಕೇ. ಇಷ್ಟಾದ ಮೇಲೂ ಒಂದು ಬಗೆಯ ತೊಂದರೆ ಉಳಿಯಿತು: ದಾರಿಯ ಒಂದು ಅಂಚು ಗಟ್ಟಿ, ಇನ್ನೊಂದು ಸಡಿಲವಿರುವ ಏರು. ಅಲ್ಲಿ ನಿಂತ ಚಕ್ರದ ಕೆಳಗೆ ಯಾವಾಗಲೂ ಒಳ್ಳೆಯ ನೆಲವೇ ಇರುತ್ತಿತ್ತು. ಅಲ್ಲಿಗೆ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು.

ಯಾವ ಬಗೆಯದು ಎನ್ನುವುದಕ್ಕೆ ಹೆಚ್ಚು ತಲೆ ಕೆಡಿಸಿಕೊಂಡೆ. ಕ್ಲಚ್ ಪ್ಲೇಟ್‌ಗಳಿರುವ ಮಾದರಿಯಲ್ಲಿ ಸ್ಪ್ರಿಂಗ್ ಪ್ಲೇಟ್‌ಗಳನ್ನು ಸದಾ ಒತ್ತಿ ಹಿಡಿದಿರುತ್ತದೆ, ಆದ್ದರಿಂದ ಒಂದು ಚಕ್ರ ಪೂರ್ತಿ ಗಾಳಿಯಲ್ಲಿದ್ದರೂ ಇನ್ನೊಂದಕ್ಕೆ ಸ್ವಲ್ಪವಾದರೂ ಟಾರ್ಕ್ ಸಿಗುತ್ತದೆ. ಆದರೆ ಪ್ಲೇಟ್‌ಗಳು ಸವೆಯುತ್ತವೆ. ಗೇರ್ ಆಯಿಲ್‌ಗೆ ಫ್ರಿಕ್ಷನ್ ಮಾಡಿಫೈಯರ್ (ಘರ್ಷಣೆ ತಗ್ಗಿಸುವ ದ್ರವ) ಸೇರಿಸುವುದನ್ನು ಮರೆತರೆ ಕಡಿದಾದ ತಿರುವುಗಳಲ್ಲಿ ಹಿಂದಿನಿಂದ ಗಡಗಡ ಎನ್ನುತ್ತದೆ. ಟಾರ್ಸನ್, ಟ್ರೂಟ್ರ್ಯಾಕ್‌ನಂಥ ಗೇರ್ ಮಾದರಿಗಳಲ್ಲಿ ಸವೆಯುವ ಪ್ಲೇಟ್‌ಗಳ ಕಾಟವಿಲ್ಲ, ಟಾರ್ಕ್ ಹಂಚಿಕೆ ನುಣುಪಾಗಿ ಆಗುತ್ತದೆ, ಚಾಲಕನಿಗೆ ಗೊತ್ತೇ ಆಗುವುದಿಲ್ಲ. ಅದರ ಬಲಹೀನತೆ ಗುಣಾಕಾರದಲ್ಲೇ ಇದೆ: ಗಾಳಿಯಲ್ಲಿರುವ ಚಕ್ರ ತಾಳುವುದು ಸೊನ್ನೆ, ಸೊನ್ನೆಯ ಮೂರು ಪಟ್ಟೂ ಸೊನ್ನೆ. ಸ್ವಿಚ್ ಒತ್ತಿದರೆ ಮಾತ್ರ ಬಿಗಿಯುವ ಲಾಕರ್ ಬಂಡೆ, ಕೊರಕಲು ಹತ್ತುವವರಿಗೆ ಇವೆರಡಕ್ಕಿಂತ ಮೇಲು, ಆದರೆ ಅದಕ್ಕೆ ಗಾಳಿಯ ಪೈಪು ಅಥವಾ ವೈರಿಂಗ್ ಎಳೆಯಬೇಕು. ನನ್ನ ದಾರಿಯಲ್ಲಿ ಚಕ್ರ ಜಾರುವುದು ಹೆಚ್ಚು, ಗಾಳಿಗೇಳುವುದು ಕಡಿಮೆ. ಗೇರ್ ಮಾದರಿಯನ್ನೇ ಆರಿಸಿದೆ.

ಕೊಳ್ಳುವ ಮೊದಲು ಆಕ್ಸಲ್ ಶಾಫ್ಟಿನ ಸ್ಪ್ಲೈನ್‌ಗಳನ್ನು (ತುದಿಯ ಉದ್ದುದ್ದ ಹಲ್ಲುಗಳು) ಎಣಿಸಿ, ಕ್ರೌನ್ ಪಿನಿಯನ್‌ನ (ಪ್ರೊಪೆಲ್ಲರ್ ಶಾಫ್ಟ್ ಕಡೆಯ ಸಣ್ಣ ಗೇರ್ ಪಿನಿಯನ್, ಅದು ತಿರುಗಿಸುವ ದೊಡ್ಡ ಗೇರ್ ಕ್ರೌನ್) ಅನುಪಾತ ನೋಡಿ. ಕೆಲವು ಆಕ್ಸಲ್‌ಗಳಲ್ಲಿ ಅನುಪಾತ ಬದಲಾದರೆ ಕೂರುವ ಡಿಫರೆನ್ಷಿಯಲ್ ಕೇಸೂ ಬದಲಾಗುತ್ತದೆ. ಜೋಡಣೆಯನ್ನು ಪರಿಚಯದ ಮೆಕ್ಯಾನಿಕ್ ಒಬ್ಬರ ಜೊತೆ ನಿಂತು ಮಾಡಿದೆ. ಬೇರಿಂಗ್ ಕ್ಯಾಪ್‌ಗಳಿಗೆ ಎಡ, ಬಲ ಎಂದು ಗುರುತು ಹಾಕಿಯೇ ಬಿಚ್ಚಬೇಕು, ಏಕೆಂದರೆ ಅವನ್ನು ಹೌಸಿಂಗ್ ಜೊತೆಗೇ ಕೊರೆದಿರುತ್ತಾರೆ, ಅದಲುಬದಲಾದರೆ ಸರಿಯಾಗಿ ಕೂರುವುದಿಲ್ಲ. ಕ್ರೌನ್ ಬೋಲ್ಟ್ ಬಿಚ್ಚಲು ಬಾರದಿದ್ದರೆ ಉದ್ದನೆಯ ಪೈಪ್ ಹುಡುಕುವ ಮೊದಲು ಅದು ಎಡಕ್ಕೆ ತಿರುಗಿಸಿದರೆ ಬಿಗಿಯುವ ಎಡ ಥ್ರೆಡ್ಡಿನದೇ ಎಂದು ನೋಡಿ. ಕೆಲವು ಆಕ್ಸಲ್‌ಗಳಲ್ಲಿ ಹಾಗಿರುತ್ತದೆ. ಪಿನಿಯನ್ನನ್ನು ನಾವು ಮುಟ್ಟಲಿಲ್ಲ, ಹಾಗಾಗಿ ಅದರ ಆಳ ಹಾಗೆಯೇ ಉಳಿಯಿತು. ಹೊತ್ತು ತಿಂದದ್ದು ಬ್ಯಾಕ್‌ಲ್ಯಾಶ್, ಅಂದರೆ ಕ್ರೌನ್ ಮತ್ತು ಪಿನಿಯನ್ ಹಲ್ಲುಗಳ ನಡುವಿನ ಸಡಿಲ. ಬೇರಿಂಗ್ ಬದಿಗೆ ಇಡುವ ಹಳೆಯ ಶಿಮ್‌ಗಳನ್ನೇ (ತೆಳು ಲೋಹದ ಬಿಲ್ಲೆಗಳು) ಹಾಕಿದಾಗ ಡಯಲ್ ಗೇಜ್ ಹೆಚ್ಚು ಸಡಿಲ ತೋರಿಸಿತು. ಶಿಮ್‌ಗಳನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಸುತ್ತಾ, ಕ್ರೌನನ್ನು ತಿರುಗಿಸಿ ಬೇರೆ ಬೇರೆ ಹಲ್ಲುಗಳ ಮೇಲೆ ಅಳೆಯುತ್ತಾ, ಕೈಪಿಡಿ ಹೇಳಿದ ಮಿತಿಯೊಳಗೆ ತಂದೆವು. ಇಂಥ ಆಕ್ಸಲ್‌ಗಳಲ್ಲಿ ಅದು ಸಾಮಾನ್ಯವಾಗಿ 0.15ರಿಂದ 0.25 ಮಿಲಿಮೀಟರ್ ಆಸುಪಾಸು. ಕೊನೆಗೆ ಹಲ್ಲುಗಳಿಗೆ ಬಣ್ಣದ ಪೇಸ್ಟ್ ಸವರಿ ಒತ್ತುಗುರುತು ನೋಡಿದೆವು. ಈ ಭಾಗದಲ್ಲಿ ಅವಸರ ಮಾಡುವ ಗ್ಯಾರೇಜಿಗೆ ಗಾಡಿ ಕೊಡಬೇಡಿ. ಊಳಿಡುವ ಡಿಫರೆನ್ಷಿಯಲ್‌ಗಿಂತ ಒಂದು ಚಕ್ರ ಜಾರುವ ಡಿಫರೆನ್ಷಿಯಲ್ ವಾಸಿ.

ಆಯಿಲ್ ವಿಷಯದಲ್ಲಿ ಇಷ್ಟು: ತಯಾರಕರು ಹೇಳಿದ್ದೇ ಇರಲಿ. ಗೇರ್ ಮಾದರಿಗೆ ಫ್ರಿಕ್ಷನ್ ಮಾಡಿಫೈಯರ್ ಹಾಕಬಾರದು. ಅದು ದುಡಿಯುವುದೇ ಒಳಗಿನ ಘರ್ಷಣೆಯಿಂದ.

ಆ ಹಳೆಯ ಏರಿನಲ್ಲಿ ಈಗ ದೂರದಿಂದಲೇ ವೇಗ ಹಿಡಿದು ಹತ್ತಬೇಕಿಲ್ಲ. ಮೊದಲ ಗೇರ್‌ನಲ್ಲಿ ನಿಧಾನವಾಗಿ ಏರುತ್ತೇನೆ, ಜಲ್ಲಿ ಹಾರುವುದಿಲ್ಲ, ದಾರಿಯೂ ಕೆದರುವುದಿಲ್ಲ. ಅಪರೂಪಕ್ಕೆ ಒಂದು ಚಕ್ರ ಪೂರ್ತಿ ಎತ್ತಿಕೊಂಡಾಗ ಹ್ಯಾಂಡ್ ಬ್ರೇಕನ್ನು ಅರ್ಧ ಎಳೆದು ಮೆಲ್ಲಗೆ ಆಕ್ಸಿಲರೇಟರ್ ಒತ್ತುತ್ತೇನೆ. ಇದರ ಲೆಕ್ಕ ಸೊಗಸಾಗಿದೆ. ಬ್ರೇಕ್ ಎರಡೂ ಹಿಂಚಕ್ರಗಳನ್ನು 150ರಷ್ಟು ಹಿಡಿಯಿತೆನ್ನಿ. ಗಾಳಿಯಲ್ಲಿರುವುದು ಈಗ 150 ತಾಳುತ್ತದೆ, ನೆಲದ ಚಕ್ರಕ್ಕೆ 450 ಸಿಗುತ್ತದೆ, ಅದರ ಬ್ರೇಕಿಗೆ 150 ಹೋದರೂ 300 ಕೈಯಲ್ಲಿ ಉಳಿಯುತ್ತದೆ. ಸಾಮಾನ್ಯ ಡಿಫರೆನ್ಷಿಯಲ್‌ನಲ್ಲಿ ಇದೇ ಉಪಾಯ ಮಾಡಿದರೆ 150ರಲ್ಲಿ 150 ಕಳೆದು ಉಳಿಯುವುದು ಸೊನ್ನೆ. ಹ್ಯಾಂಡ್ ಬ್ರೇಕ್ ಉಪಾಯ ಕೆಲವರಿಗೆ ಫಲಿಸಿ ಕೆಲವರಿಗೆ ಫಲಿಸದಿರುವುದರ ಗುಟ್ಟು ಇದೇ ಇರಬೇಕು.

ಹೊಸ ಎಚ್ಚರಿಕೆಯೊಂದನ್ನೂ ಕಲಿತೆ. ಪಕ್ಕಕ್ಕೆ ಇಳಿಜಾರಾದ ಒದ್ದೆ ನೆಲದಲ್ಲಿ ಮೊದಲು ಒಂದು ಚಕ್ರ ಸುತ್ತಿದರೂ ಸುತ್ತದೆ ನಿಂತದ್ದು ಗಾಡಿಯ ಹಿಂಭಾಗವನ್ನು ಹಿಡಿದಿಡುತ್ತಿತ್ತು. ಈಗ ಹೆಚ್ಚು ಒತ್ತಿದರೆ ಎರಡೂ ಒಟ್ಟಿಗೆ ಜಾರುತ್ತವೆ, ಹಿಂಭಾಗ ಇಳಿಜಾರಿನತ್ತ ಸರಿಯುತ್ತದೆ. ಅಂಥ ಕಡೆ ಕಾಲು ಹಗುರಾಗಿರಬೇಕು.

ನಿಮ್ಮ ಗಾಡಿ ಹೊಸದಾಗಿದ್ದು, ಜಾರುವ ಚಕ್ರಕ್ಕೆ ತಾನೇ ಬ್ರೇಕ್ ಹಾಕುವ ಟ್ರ್ಯಾಕ್ಷನ್ ಕಂಟ್ರೋಲ್ ಇದ್ದರೆ, ಅದನ್ನು ಮೊದಲು ಚೆನ್ನಾಗಿ ಬಳಸಿ ನೋಡಿ. ಅದು ಎಚ್ಚರಗೊಳ್ಳುವುದು ಚಕ್ರ ಜಾರಿದ ಮೇಲೆ, ಉದ್ದನೆಯ ಏರಿನಲ್ಲಿ ಬ್ರೇಕ್ ಬಿಸಿಯಾಗುತ್ತದೆ. ಆದರೂ ವರ್ಷಕ್ಕೊಮ್ಮೆ ಕೆಸರು ಕಾಣುವವರಿಗೆ ಧಾರಾಳವಾಗಿ ಸಾಕು. ಡಾಂಬರು ರಸ್ತೆಯಲ್ಲೇ ತುಂಬಿದ ಭಾರದೊಂದಿಗೆ ಓಡಾಡುವವರಿಗೂ ಎಲ್‌ಎಸ್‌ಡಿ ಬೇಕಿಲ್ಲ. ದಿನವೂ ಅರೆಗಟ್ಟಿ ದಾರಿಯಲ್ಲಿ ಖಾಲಿ ಮರಳುವವರಿಗೆ, ಅದರಲ್ಲೂ ಗೇರ್ ಆಯಿಲ್ ಸೋರಿಯೋ ಬೇರಿಂಗ್ ಸವೆದೋ ಹೇಗೂ ಆಕ್ಸಲ್ ಬಿಚ್ಚಬೇಕಾಗಿ ಬಂದವರಿಗೆ, ಹಾಕಿಸಿ ಎನ್ನುತ್ತೇನೆ.

ಹಾಕಿಸಿದ ಮೇಲೆ ಎರಡು ಅಭ್ಯಾಸಗಳನ್ನು ಬದಲಿಸಿಕೊಳ್ಳಬೇಕು. ಒಂದು ಹಿಂಚಕ್ರವನ್ನು ಮಾತ್ರ ಜಾಕ್ ಮೇಲೆ ಎತ್ತಿ, ಎಂಜಿನ್ ಚಾಲೂ ಮಾಡಿ ಗೇರ್ ಹಾಕಿ ಪರೀಕ್ಷಿಸುವುದನ್ನು ಬಿಟ್ಟುಬಿಡಿ. ನೆಲದ ಮೇಲಿನ ಚಕ್ರಕ್ಕೂ ಎಳೆತ ಹೋಗಿ ಗಾಡಿ ಜಾಕಿನಿಂದ ಜಿಗಿಯಬಹುದು. ಮತ್ತೊಂದು, ಹಿಂದಿನ ಎರಡೂ ಟೈರ್‌ಗಳ ಅಳತೆ, ಸವೆತ ಒಂದೇ ಆಗಿರಲಿ. ಸುತ್ತಳತೆ ಬೇರೆಯಾದರೆ ನೇರ ರಸ್ತೆಯಲ್ಲೂ ಡಿಫರೆನ್ಷಿಯಲ್ ಬಿಡುವಿಲ್ಲದೆ ತೇಯುತ್ತದೆ. ನನ್ನ ಸ್ಟೆಪ್ನಿ ಹಳೆಯ ಅಳತೆಯದು, ಆದ್ದರಿಂದ ಹಿಂದೆ ಪಂಕ್ಚರ್ ಆದರೆ ಮುಂದಿನ ಚಕ್ರವೊಂದನ್ನು ಹಿಂದಕ್ಕೆ ಹಾಕಿ ಸ್ಟೆಪ್ನಿಯನ್ನು ಮುಂದಕ್ಕೆ ಹಾಕುತ್ತೇನೆ. ಮಳೆಯಲ್ಲಿ ಎರಡು ಸಲ ಜಾಕ್ ಹಾಕುವುದು ಬೇಸರದ ಕೆಲಸವೇ, ಆದರೆ ಶಿಮ್ ಸರಿಸುತ್ತಾ ಕೂರುವಷ್ಟಲ್ಲ.