ಬೆಟ್ಟದ ಗೋಪುರಕ್ಕೆ ಚಂದ್ರನನ್ನು ಕೂರಿಸುವುದು ಹೇಗೆ?

ಹೋದ ಬೇಸಿಗೆಯ ಹುಣ್ಣಿಮೆಯಂದು ಮೈಸೂರಿನ ಕುವೆಂಪುನಗರದ ಆಚೆ ಒಂದು ಖಾಲಿ ಸೈಟಿನಲ್ಲಿ ಏಳೆಂಟು ಜನ ಟ್ರೈಪಾಡ್ ಊರಿ ನಿಂತಿದ್ದರು. ಚಾಮುಂಡಿ ಬೆಟ್ಟದ ಗೋಪುರದ ಹಿಂದೆ ಚಂದ್ರ ಹುಟ್ಟುವ ಚಿತ್ರ ಬೇಕಿತ್ತು. ಮೊಬೈಲಿನಲ್ಲಿ ಚಂದ್ರೋದಯ 6:41 ಎಂದಿತ್ತು. 6:41 ಆಯಿತು, 6:50 ಆಯಿತು, ಏನೂ ಇಲ್ಲ. ಮೋಡ ಇರಬೇಕು ಎಂದು ಇಬ್ಬರು ಗಂಟುಮೂಟೆ ಕಟ್ಟಿದರು. ಏಳು ಗಂಟೆಗೆ ಚಂದ್ರ ಬಂದ, ಗೋಪುರದಿಂದ ಬಲಕ್ಕೆ ದೂರದಲ್ಲಿ, ಕುರುಚಲು ಗಿಡಗಳ ಮೇಲೆ. ಆ ಏಳೆಂಟು ಜನರಲ್ಲಿ ನಾನೂ ಒಬ್ಬ.

ಆ್ಯಪ್ ಸುಳ್ಳು ಹೇಳಿರಲಿಲ್ಲ. ನಾವು ಅದನ್ನು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು.

ಹೆಜ್ಜೆ 1: ಆ್ಯಪ್ ಹಾಕಿಕೊಳ್ಳಿ
ಚಂದ್ರ ಯಾವಾಗ, ಯಾವ ದಿಕ್ಕಿನಲ್ಲಿ ಇರುತ್ತಾನೆಂದು ನಕ್ಷೆಯ ಮೇಲೆ ತೋರಿಸುವ ಫೋಟೋಪಿಲ್ಸ್ ಸಾಕು. ದುಡ್ಡು ಕೊಟ್ಟು ಕೊಳ್ಳಬೇಕು, ಆಂಡ್ರಾಯ್ಡ್ ಮತ್ತು ಐಫೋನ್ ಎರಡಕ್ಕೂ ಇದೆ. ಫೋಟೋಗ್ರಾಫರ್ಸ್ ಎಫೆಮೆರಿಸ್ ಕೂಡ ಒಳ್ಳೆಯದೇ. ‘ಮೂನ್ ಫೋಟೋ’ ಎಂದು ಹುಡುಕಿದರೆ ಉಚಿತ ಆ್ಯಪ್‌ಗಳ ಸಂತೆಯೇ ಸಿಗುತ್ತದೆ. ಚಂದ್ರನ ದಿಕ್ಕು ತೋರಿಸಲು ನಿಮ್ಮ ಕಾಂಟ್ಯಾಕ್ಟ್ ಪಟ್ಟಿ ಕೇಳುವ ಆ್ಯಪನ್ನು ಆ ಕ್ಷಣವೇ ಅಳಿಸಿ.

ಹೆಜ್ಜೆ 2: ಎರಡು ಪಿನ್ ಇಡಿ
ನೀವು ನಿಲ್ಲುವ ಜಾಗಕ್ಕೆ ಕೆಂಪು ಪಿನ್, ಗೋಪುರಕ್ಕೆ ಕಪ್ಪು ಪಿನ್. ನಕ್ಷೆಯನ್ನು ಸ್ಯಾಟಲೈಟ್ ನೋಟಕ್ಕೆ ಹಾಕಿಕೊಂಡು, ಪೂರ್ತಿ ಹಿಗ್ಗಿಸಿ, ಗೋಪುರದ ನೆತ್ತಿಯ ಮೇಲೇ ಪಿನ್ ಇಡಿ. ಬಸ್ ನಿಲ್ದಾಣದ ಮೇಲಲ್ಲ.

ಒಂದು ಮಾತು. ಅರಮನೆಯ ಸುತ್ತಮುತ್ತ ನಿಂತು ಈ ಚಿತ್ರ ತೆಗೆಯುವ ಆಸೆ ಬಿಡಿ. ಅಲ್ಲಿಂದ ಬೆಟ್ಟ ಹೆಚ್ಚುಕಡಿಮೆ ದಕ್ಷಿಣಕ್ಕಿದೆ, ನಮ್ಮ ಅಕ್ಷಾಂಶದಲ್ಲಿ ಚಂದ್ರ ಅಷ್ಟು ದಕ್ಷಿಣದಲ್ಲಿ ಎಂದೂ ಹುಟ್ಟುವುದಿಲ್ಲ. ಬೆಟ್ಟದ ಪಶ್ಚಿಮಕ್ಕೆ ಹೋಗಬೇಕು.

ಹೆಜ್ಜೆ 3: ಕೋನ ಹಿಡಿಯಿರಿ
ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಓದಿ. ಆ್ಯಪ್ ಕೊಡುವ ಚಂದ್ರೋದಯದ ಸಮಯ ಸಮತಟ್ಟಾದ ದಿಗಂತದ್ದು. ಮುಂದೆ ಬೆಟ್ಟ ಇಲ್ಲ, ಕಡಲೋ ಬಯಲೋ ಇದೆ ಎಂದುಕೊಂಡು ಹಾಕಿದ ಲೆಕ್ಕ. ಚಾಮುಂಡಿ ಬೆಟ್ಟ ಊರಿಗಿಂತ ಸುಮಾರು 300 ಮೀಟರ್ ಎತ್ತರ. ಅದರ ಮೇಲೆ ಏಳಂತಸ್ತಿನ ಗೋಪುರ, ಸುಮಾರು 40 ಮೀಟರ್. 5 ಕಿಲೋಮೀಟರ್ ದೂರದಿಂದ ನೋಡಿದರೆ ಗೋಪುರದ ಬುಡ ದಿಗಂತದಿಂದ 3.4 ಡಿಗ್ರಿ ಮೇಲೆ, ತುದಿ 3.9 ಡಿಗ್ರಿ ಮೇಲೆ. ನಕ್ಷೆಗೆ ಗೊತ್ತಿರುವುದು ನೆಲದ ಎತ್ತರ ಮಾತ್ರ. ಕಟ್ಟಡದ 40 ಮೀಟರನ್ನು ನೀವೇ ಕೂಡಿಸಿಕೊಳ್ಳಬೇಕು.

ಚಂದ್ರ ಗೋಪುರದ ನಡುಮಟ್ಟಕ್ಕೆ, ಅಂದರೆ 3.7 ಡಿಗ್ರಿಗೆ ಏರಲು ಚಂದ್ರೋದಯದ ನಂತರ ಹದಿನೆಂಟು ಇಪ್ಪತ್ತು ನಿಮಿಷ ಬೇಕು. ನಮ್ಮಲ್ಲಿ ಇಬ್ಬರು ಕಾಯದೇ ಹೋದ ನಿಮಿಷಗಳು ಅವು. ಇಷ್ಟೇ ಆಗಿದ್ದರೆ ಕಾದು ತೆಗೆಯಬಹುದಿತ್ತು. ಆದರೆ ಚಂದ್ರ ನೇರ ಮೇಲಕ್ಕೆ ಏರುವುದಿಲ್ಲ, ಏರುತ್ತಾ ಬಲಕ್ಕೆ, ದಕ್ಷಿಣದ ಕಡೆಗೆ ವಾಲುತ್ತಾನೆ. ಮೈಸೂರಿನಲ್ಲಿ ಅಷ್ಟು ಏರುವಷ್ಟರಲ್ಲಿ ಸುಮಾರು ಒಂದು ಡಿಗ್ರಿ ಸರಿದಿರುತ್ತಾನೆ. ಹುಣ್ಣಿಮೆ ಚಂದ್ರನ ಅಗಲವೇ ಅರ್ಧ ಡಿಗ್ರಿ, ಅಂದಮೇಲೆ ಎರಡು ಚಂದ್ರರಷ್ಟು ಆಚೆ. 5 ಕಿಲೋಮೀಟರಿನಲ್ಲಿ ಅದು 80–90 ಮೀಟರ್ ಆಗುತ್ತದೆ. ಆ್ಯಪ್ ನಕ್ಷೆಯ ಮೇಲೆ ಎಳೆದು ತೋರಿಸುವ ಚಂದ್ರೋದಯದ ದಿಕ್ಕಿನ ಗೆರೆಯ ಮೇಲೆ ಕರಾರುವಾಕ್ಕಾಗಿ ನಿಂತವರಿಗೆ ಚಿತ್ರ ತಪ್ಪುವುದು ಖಾತ್ರಿ.

ಆದ್ದರಿಂದ ಉದಯದ ಗೆರೆಯನ್ನು ಮರೆತುಬಿಡಿ. ಆ್ಯಪಿನ ಕೆಳಗಿರುವ ಸಮಯದ ಪಟ್ಟಿಯನ್ನು ಬೆರಳಿನಿಂದ ಮುಂದಕ್ಕೆ ಎಳೆಯುತ್ತಾ ಹೋಗಿ. ಚಂದ್ರನ ಎತ್ತರ 3.7 ಡಿಗ್ರಿ ಎಂದು ತೋರಿಸಿದಾಗ ನಿಲ್ಲಿಸಿ. ಆ ಹೊತ್ತಿನ ಚಂದ್ರನ ಗೆರೆ ಕಪ್ಪು ಪಿನ್ನನ್ನು ಹಾಯುವವರೆಗೆ ಕೆಂಪು ಪಿನ್ನನ್ನು ಸರಿಸಿ. ಸರಿಸಿದಾಗ ದೂರ ಬದಲಾದರೆ ಕೋನವೂ ಬದಲಾಗುತ್ತದೆ, ಇನ್ನೊಮ್ಮೆ ನೋಡಿ. ಎರಡು ಮೂರು ಸುತ್ತಿನಲ್ಲಿ ಕೂರುತ್ತದೆ.

ಐದು ಕಿಲೋಮೀಟರೇ ಏಕೆ? ಅಷ್ಟು ದೂರದಲ್ಲಿ ಚಂದ್ರನ ಅಗಲ ಸುಮಾರು 45 ಮೀಟರಿಗೆ ಸಮ, ಗೋಪುರ 40. ಒಂದರ ಹಿಂದೆ ಒಂದು ಚಂದವಾಗಿ ಕೂರುತ್ತವೆ. ಹತ್ತಿರ ಹೋದಷ್ಟೂ ಚಂದ್ರ ಗೋಪುರದ ಪಕ್ಕ ಗೋಲಿಯಾಗುತ್ತಾನೆ.

ಹೆಜ್ಜೆ 4: ದಿನ
ಹುಣ್ಣಿಮೆಯ ಚಂದ್ರ ಸೂರ್ಯನಿಗೆ ಎದುರು. ಬೇಸಿಗೆಯಲ್ಲಿ ಪೂರ್ವದಿಂದ ಆಗ್ನೇಯಕ್ಕೆ ವಾಲಿ ಹುಟ್ಟುತ್ತಾನೆ, ಚಳಿಗಾಲದಲ್ಲಿ ಈಶಾನ್ಯಕ್ಕೆ. ಕುವೆಂಪುನಗರದ ಕಡೆಯಿಂದ ಚೈತ್ರ, ವೈಶಾಖದ ಹುಣ್ಣಿಮೆಗಳು ಹೊಂದುತ್ತವೆ. ಗೋಡೆಯ ಕ್ಯಾಲೆಂಡರ್ ನಂಬಿ ಹೊರಡಬೇಡಿ, ಅದರಲ್ಲಿರುವುದು ಸೂರ್ಯೋದಯದ ಹೊತ್ತಿನ ತಿಥಿ. ಚಂದ್ರೋದಯ ಸೂರ್ಯಾಸ್ತಕ್ಕೆ ತುಸು ಮೊದಲೇ ಇರುವ ಸಂಜೆಯನ್ನು ಆ್ಯಪಿನಲ್ಲಿ ಹುಡುಕಿ. ಬೆಟ್ಟ ತಡಮಾಡುವ ಇಪ್ಪತ್ತು ನಿಮಿಷ ಸೇರಿದರೆ ಆಕಾಶ ನೀಲಿಗೆ ತಿರುಗಿರುತ್ತದೆ, ಗೋಪುರವೂ ಕಾಣುತ್ತದೆ. ಮರುದಿನ ಹೋದರೆ ಕಗ್ಗತ್ತಲಿನಲ್ಲಿ ಒಂದು ಬಿಳಿ ತೂತು, ಅಷ್ಟೇ.

ಹೆಜ್ಜೆ 5: ಹಗಲಲ್ಲಿ ಹೋಗಿ ನೋಡಿ ಬನ್ನಿ
ನೀರಿನ ಟ್ಯಾಂಕು, ಹೊಸ ಅಪಾರ್ಟ್‌ಮೆಂಟು, ತೆಂಗಿನಮರ ಯಾವುದೂ ಆ್ಯಪಿಗೆ ತಿಳಿಯದು. ಅಲ್ಲಿ ನಿಂತು ಕ್ಯಾಮೆರಾದ ಮೂಲಕ ಆಕಾಶದಲ್ಲಿ ಚಂದ್ರನ ದಾರಿ ತೋರಿಸುವ ಎಆರ್ ನೋಟ ತೆರೆಯುವ ಆಸೆಯಾಗುತ್ತದೆ. ನನಗಂತೂ ಅದರ ಮೇಲೆ ನಂಬಿಕೆಯಿಲ್ಲ. ಫೋನಿನ ದಿಕ್ಸೂಚಿ ಕೆಲವು ಡಿಗ್ರಿ ತಪ್ಪುವುದು ಮಾಮೂಲು, ನಮಗೆ ಬೇಕಿರುವುದು ಅರ್ಧ ಡಿಗ್ರಿಯ ನಿಖರತೆ. ನನ್ನ ಹಳೆಯ ಫೋನ್ ಕವರಿನ ಮುಚ್ಚಳಕ್ಕೆ ಪುಟ್ಟ ಅಯಸ್ಕಾಂತವಿತ್ತು. ಕವರ್ ಹಾಕಿದರೆ ಬೆಟ್ಟ ಒಂದು ದಿಕ್ಕಿಗೆ, ತೆಗೆದರೆ ಇನ್ನೊಂದು ದಿಕ್ಕಿಗೆ! ನಕ್ಷೆಯ ಗೆರೆಯನ್ನೇ ನಂಬಿ.

ಏಪ್ರಿಲ್, ಮೇ ಸಂಜೆಗಳಲ್ಲಿ ಗುಡುಗು ಮಳೆ ಸಾಮಾನ್ಯ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ‘ದಾಮಿನಿ’ ಆ್ಯಪ್ ಸುತ್ತಮುತ್ತ ಸಿಡಿಲು ಬೀಳುತ್ತಿದ್ದರೆ ಎಚ್ಚರಿಸುತ್ತದೆ. ಬಯಲಿನಲ್ಲಿ ಲೋಹದ ಟ್ರೈಪಾಡ್ ಹಿಡಿದು ನಿಲ್ಲುವವರಿಗೆ ಇದು ಚಂದ್ರನ ಆ್ಯಪಿಗಿಂತ ಮುಖ್ಯ.

ಹೆಜ್ಜೆ 6: ಕ್ಲಿಕ್
400 ಮಿ.ಮೀ. ಅಥವಾ ಹೆಚ್ಚಿನ ಲೆನ್ಸ್. ಎಫ್/8, ಐಎಸ್‌ಒ 400, 1/200 ಸೆಕೆಂಡಿನಿಂದ ಆರಂಭಿಸಿ. ಫೋಕಸ್ ಗೋಪುರಕ್ಕೆ, ಅದೂ ಬೆಳಕಿರುವಾಗಲೇ.

ಚಂದ್ರ ತನ್ನ ಅಗಲದಷ್ಟು ಸರಿಯಲು ಎರಡು ನಿಮಿಷ ಸಾಕು. ಗೋಪುರದ ಬಲಕ್ಕೆ ಇಣುಕಿದನೆಂದರೆ ನೀವು ಎಡಕ್ಕೆ ಹೋಗಬೇಕು. ನೀವು ಹತ್ತು ಮೀಟರ್ ಸರಿದರೆ ಬೆಟ್ಟದ ಮೇಲೂ ಅವನು ಹತ್ತು ಮೀಟರ್ ಸರಿದಂತೆ ಕಾಣುತ್ತದೆ. ಹಾಗಾಗಿ ನಿಂತ ಜಾಗದ ಎಡಗಡೆ ನಡೆದಾಡಲು ನೂರು ಮೀಟರ್ ರಸ್ತೆ ಇರುವಂತೆ ಮೊದಲೇ ನೋಡಿಕೊಳ್ಳಿ. ಸರಿಯುವಾಗ ಟ್ರೈಪಾಡಿನ ಕಾಲು ಮಡಚುತ್ತಾ ಕೂರಬೇಡಿ, ಕ್ಯಾಮೆರಾ ಸಮೇತ ಹೆಗಲಿಗೇರಿಸಿಕೊಂಡು ಓಡಿ.